ಹುತ್ತದೊಳಗಿನ ಬಾಣಂತಿ

ರಾಣೆಬೆನ್ನೂರಿನಲ್ಲಿ ಮುಸ್ತಾಕನ ಹೆಂಡತಿ ನಜ್ಮಾಳಿಗೆ ಅಂಜದವರು ಕಡಿಮೆ, ಆಕೆ ಅಂಜುವವರು ಇನ್ನೂ ಕಡಿಮೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಂಡನದು ಫೋಟೊ ಸ್ಟುಡಿಯೊ. ಹೊರಗಿನ ಫೋಟೊಗಳೆಲ್ಲ ಗಂಡನವು, ಒಳಗಿನವು ಹೆಂಡತಿಯವು. ಒಳಗಿನವು ಎಂದರೆ ಮದುವೆ ಮನೆಯಲ್ಲಿ ಹೆಂಗಸರ ಕಡೆಯವು. ಗಂಡಸರು ಕಾಲಿಡದ ನಡುಮನೆಯಲ್ಲಿ, ಅತ್ತರಿನ ವಾಸನೆ ಮತ್ತು ಅಳುವ ಕೂಸುಗಳ ನಡುವೆ, ಮದುಮಗಳಿಗೆ ಅಡ್ಡ ನಿಂತ ಅತ್ತೆಯನ್ನೇ ಭುಜ ಹಿಡಿದು ಸರಿಸಿ ಆಕೆ ಫೋಟೊ ಹೊಡೆಯುತ್ತಿದ್ದಳು. ನುಗ್ಗಲು ದಾರಿಯೇ ಇಲ್ಲದಿದ್ದರೆ ಕ್ಯಾಮೆರಾವನ್ನು ಕೊಡೆಯ ತುದಿಗೆ ಕಟ್ಟಿ, ತಾನಾಗಿ ಹೊಡೆದುಕೊಳ್ಳುವ ಗುಂಡಿ ಒತ್ತಿ, ಎಲ್ಲರ ತಲೆಯ ಮೇಲೆ ಎತ್ತಿ ಹಿಡಿಯುವಳು. ಇಂಥ ಗಟ್ಟಿಗಿತ್ತಿಯನ್ನು ಕಟ್ಟಿಕೊಂಡದ್ದಕ್ಕೆ ಮುಸ್ತಾಕನಿಗೆ ಒಳಗೊಳಗೇ ಹೆಮ್ಮೆ ಇತ್ತು. ಹೊರಗೆ ತೋರಿಸಿದರೆ ತನ್ನ ಬೆಲೆ ಇಳಿದೀತೆಂದು ಸುಮ್ಮನಿರುತ್ತಿದ್ದ.

ಆದರೆ ಹಾವಿನ ಮಾತು ಬಂದರೆ ಮುಗಿಯಿತು, ನಜ್ಮಾ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂರುತ್ತಿದ್ದಳು. ಸಣ್ಣಾಕೆ ಇದ್ದಾಗ ತವರೂರು ಗುತ್ತಲದ ಮನೆಯಲ್ಲಿ ಮಾಳಿಗೆಯ ಜಂತಿಯಿಂದ ಹಾವೊಂದು ಊಟದ ತಟ್ಟೆಗಳ ನಡುವೆ ಧೊಪ್ಪೆಂದು ಬಿದ್ದಿತ್ತು. ಅಂದಿನಿಂದ ಆಕೆಯ ತಾಯಿ ಅದರ ಹೆಸರನ್ನೂ ಬಾಯಿಗೆ ತರದೆ ‘ಹುಳ’ ಎನ್ನುತ್ತಿದ್ದಳು. ಮಗಳು ತಾಯಿಯನ್ನೂ ಮೀರಿಸಿದಳು. ತನ್ನ ಮಗಳ ವಿಜ್ಞಾನದ ಪುಸ್ತಕದಲ್ಲಿ ನಾಗರಹಾವಿನ ಚಿತ್ರವಿದ್ದ ಪುಟಕ್ಕೆ ಗೋಂದು ಹಚ್ಚಿ ಮುಂದಿನ ಪುಟಕ್ಕೆ ಅಂಟಿಸಿಬಿಟ್ಟಳು. ಪರೀಕ್ಷೆಯಲ್ಲಿ ಪ್ರಶ್ನೆ ಅದೇ ಪುಟದಿಂದ ಬಂತು. ಹುಡುಗಿ ಅಳುತ್ತ ಮನೆಗೆ ಬಂದರೆ, ‘ಅಂಕ ಹೋದ್ರ ಹೋಗ್ಲಿ, ಜೀವ ಉಳೀತಲ್ಲ’ ಎಂದು ಸಮಾಧಾನ ಹೇಳಿದವಳು ಈಕೆ.

ಎರಡು ಸಾವಿರದ ಎಂಟನೆಯ ಇಸವಿ, ಮುಂಗಾರು ಆಗಷ್ಟೇ ಹಿಡಿದಿತ್ತು. ಹಾವೇರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸ್ನೇಹಾ ಎಂಬಾಕೆ ಸ್ಟುಡಿಯೊಕ್ಕೆ ಬಂದಳು. ಜಿಲ್ಲೆಯಲ್ಲಿ ಯಾವ ಹಾವು ಎಲ್ಲಿದೆ, ಹೇಗಿದೆ ಎಂದು ನೋಡಿ ಫೋಟೊ ತೆಗೆಯುವ ಗೆಳೆಯರ ಬಳಗವೊಂದನ್ನು ಕಟ್ಟಿದ್ದಳು. ಮುಸ್ತಾಕ ಹೊಸ ಡಿಜಿಟಲ್ ಕ್ಯಾಮೆರಾ ತಂದಿದ್ದಾನೆಂಬ ಸುದ್ದಿ ಹಾವೇರಿ ತನಕ ಮುಟ್ಟಿತ್ತು.

“ಹಿಡಿಯೋದಿಲ್ಲ, ಮುಟ್ಟೋದಿಲ್ಲ, ಬಡಿಯೋದಂತೂ ಇಲ್ವೇ ಇಲ್ಲ. ವಾರಕ್ಕೊಮ್ಮೆ ಒಂದು ಜಾಗಕ್ಕ ಹೋಗಿ, ದೂರ ನಿಂತು ನೋಡಿ ಫೋಟೊ ತಗದ್ರ ಸಾಕ್ರಿ. ಪಗಾರ ಏನೂ ಇಲ್ಲ ಮತ್ತ,” ಎಂದಳು ಸ್ನೇಹಾ.

“ನನಗೆಲ್ಲಿ ಟೈಮ್ ಐತ್ರಿ ಮೇಡಮ್,” ಎಂದ ಮುಸ್ತಾಕ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ಬೇಕಂದ್ರ ನಮ್ಮಾಕೀನ್ನ ಕಳಸ್ತೇನಿ ನೋಡ್ರಿ. ಲಂಗದ ಲಾಡಿ ನೆಲಕ್ಕ ಬಿದ್ದಿದ್ದು ಕಂಡ್ರ ಓಣಿ ಮಂದೀನೆಲ್ಲ ಕೂಡಸ್ತಾಳ!”

ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ರೇಷನ್ ಕಾರ್ಡಿನ ಫೋಟೊಕ್ಕೆಂದು ಮೇಡ್ಲೇರಿಯಿಂದ ಬಂದು ಕೂತಿದ್ದ ನೀಲಗಂಗವ್ವ. ಗಂಡ ತೀರಿದ ಮೇಲೆ ಹೊಲ ಮನೆ ಎರಡನ್ನೂ ಒಬ್ಬಳೇ ನಡೆಸಿಕೊಂಡು ಬಂದ, ಅರವತ್ತು ದಾಟಿದ ಮುದುಕಿ. ಪರದೆಯ ಹಿಂದೆ ಫೋಟೊ ಕತ್ತರಿಸುತ್ತಿದ್ದ ನಜ್ಮಾ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು.

“ನನ್ನ ಹೆಸರು ಬರಕೋರಿ ಮೇಡಮ್.”

ನಗು ಥಟ್ಟನೆ ನಿಂತಿತು. ಮುಸ್ತಾಕ ಏನೋ ಹೇಳಲು ಹೋದ, ಕತ್ತರಿಯ ಕಡೆ ನೋಡಿ ಬಿಟ್ಟ.

“ಅಡ್ಡಿಯಿಲ್ಲ ಬಿಡು ತಂಗೀ,” ಎಂದಳು ನೀಲಗಂಗವ್ವ. “ನಮ್ಮ ಹೊಲದಾಗ ದೊಡ್ಡ ಹುತ್ತ ಐತಿ. ನಾಗಪ್ಪ ಅದಾನ. ಬಾ, ಮನಸಾರೆ ಫೋಟೊ ತಗಿ.”

ಅವರೆಲ್ಲ ಹೋದ ಮೇಲೆ ನಜ್ಮಾ ಪರದೆಯ ಹಿಂದೆ ಹೋಗಿ ಒಂದು ತಂಬಿಗೆ ನೀರನ್ನು ಗಟಗಟ ಕುಡಿದಳು. ರೋಷವೆಂಬುದು ಬಾಯಿಗೆ ಮೊದಲು ಬರುತ್ತದೆ, ಕಾಲಿಗೆ ಬರಲು ಹೊತ್ತು ಹಿಡಿಯುತ್ತದೆ. ಆದರೆ ಆಡಿದ ಮಾತು ನುಂಗುವ ಹೆಂಗಸು ಅವಳಲ್ಲ. ಮುಂದಿನ ಗುರುವಾರವೇ ಬುರ್ಖಾದ ಕೆಳಗೆ ಗಂಡನ ಗಮ್‌ಬೂಟು ಹಾಕಿಕೊಂಡು, ಟಪ್ ಟಪ್ ಸದ್ದು ಮಾಡುತ್ತ ಮೇಡ್ಲೇರಿಯ ಬಸ್ಸು ಹತ್ತಿದಳು. ಕಂಡಕ್ಟರನು ಟಿಕೆಟ್ ಹರಿಯುವುದು ಬಿಟ್ಟು ಅವಳ ಕಾಲನ್ನೇ ನೋಡಿದ.

ಮೊದಲ ವಾರದ ಫೋಟೊ ನೋಡಿ ಸ್ನೇಹಾ ಫೋನು ಮಾಡಿದಳು. “ಅಕ್ಕಾರ, ಇದ್ರಾಗ ಹಾವು ಎಲ್ಲೈತ್ರಿ?”

“ಹುತ್ತದ ಒಳಗೈತ್ರಿ.”

“ಈ ಫೋಟೊದಾಗ ಹುತ್ತನೂ ಇಲ್ಲಲ್ರಿ!”

ಇರಲು ಹೇಗೆ ಸಾಧ್ಯ? ನಜ್ಮಾ ಡಾಂಬರು ರಸ್ತೆಯ ಮೇಲೆಯೇ ನಿಂತು ಹೊಡೆದಿದ್ದಳು. ಎರಡನೆಯ ವಾರ ಬದುವಿಗೆ ಇಳಿದಳು. ಮೂರನೆಯ ವಾರ ಬದುವಿನ ಜಾಲಿಮರದ ತನಕ ಬಂದಳು. ಅಲ್ಲಿಂದ ಹುತ್ತ ಚೆನ್ನಾಗಿ ಕಾಣುತ್ತಿತ್ತು. ಸುತ್ತಲೂ ಗೋವಿನಜೋಳದ ಬೆಳೆ, ನಡುವೆ ಆಳೆತ್ತರದ ಕೆಂಪು ಹುತ್ತ, ಅದರ ನೆತ್ತಿಯ ಮೇಲೆ ಹಿಂದಿನ ವರ್ಷದ ಅರಿಷಿಣ-ಕುಂಕುಮದ ಕಲೆ. ನೀಲಗಂಗವ್ವ ಬದುವಿನ ಮೇಲೆ ಕೂತು ಎಲೆ-ಅಡಿಕೆ ಮೆಲ್ಲುತ್ತ, ‘ಇನ್ನೊಂದು ಹೆಜ್ಜಿ ಮುಂದ ಹೋಗ ನನ್ನವ್ವ, ಅದೇನು ನಿನ್ನ ಗಂಡ ಅಲ್ಲ ಬೈಯಾಕ’ ಎಂದು ಚೇಷ್ಟೆ ಮಾಡುವಳು. ಮನೆಗೆ ಕರೆದೊಯ್ದು ಬಿಸಿ ರೊಟ್ಟಿ, ಬದನೆಕಾಯಿ ಪಲ್ಲೆ ಹಾಕಿ ಕಳಿಸುವಳು. ಆಷಾಢದ ಒಂದು ಗುರುವಾರ ಮಳೆ ನಿಂತು ಬಿಸಿಲು ಬಿದ್ದಾಗ ಹುತ್ತದಿಂದ ನಾಗರಹಾವು ಹೊರಬಂತು. ಹೊರಬಂದು ಮೈ ಚಾಚಿ ಮಲಗಿತು. ನಜ್ಮಾಳ ಕಣ್ಣು ತಾವೇ ಮುಚ್ಚಿಕೊಂಡವು. ಆದರೆ ಹದಿನೈದು ವರ್ಷ ಮದುವೆ ಮನೆಗಳಲ್ಲಿ ಪಳಗಿದ ಕೈ, ಕಣ್ಣಿನ ಅಪ್ಪಣೆಗೆ ಕಾಯಲಿಲ್ಲ. ಗುಂಡಿ ಒತ್ತಿತು.

ಸಂಜೆ ಆ ಫೋಟೊ ಕಂಪ್ಯೂಟರಿನ ಮೇಲೆ ಮೂಡಿದಾಗ ಮುಸ್ತಾಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಹಾವಿನ ಮೈಯ ಒಂದೊಂದು ಹುರುಪೆಯೂ ಎಣಿಸುವ ಹಾಗೆ ಬಂದಿತ್ತು.

“ನೀ ತಗದಿದ್ದಾ?”

“ಇಲ್ಲ, ಹುಳಾನೇ ತಗದು ಕಳಿಸೇತಿ,” ಎಂದಳು ನಜ್ಮಾ. ಆ ರಾತ್ರಿ ಊಟದಲ್ಲಿ ಆಕೆ ಕಾಲನ್ನು ಕೆಳಗೇ ಇಟ್ಟುಕೊಂಡು ಕೂತಿದ್ದಳು.

ಮುಂದಿನ ಸಲ ಹೋದಾಗ ಹುತ್ತದ ಒಂದು ಮಗ್ಗುಲು ಮಳೆಗೆ ಕುಸಿದಿತ್ತು. ಮೊದಲಿಲ್ಲದ ಒಂದು ಬಾಯಿ ಅಲ್ಲಿ ತೆರೆದಿತ್ತು. ನಜ್ಮಾ ಜಾಲಿಮರದ ಬುಡದಿಂದ ಬಗ್ಗಿ ನೋಡಿದಳು. ಒಳಗೆ ಕತ್ತಲು, ಆ ಕತ್ತಲಲ್ಲಿ ಬೆಳ್ಳಗೆ ಏನೋ ಒಟ್ಟಿದಂತೆ ಇತ್ತು, ಅದರ ಸುತ್ತ ಹಾವಿನ ಸುರುಳಿ. ಸ್ನೇಹಾಳಿಗೆ ಫೋನಿನಲ್ಲಿ ಹೇಳಿದಾಗ ಆಕೆ ಕುಣಿದಾಡಿದಳು.

“ತತ್ತಿ ಅವು ಅಕ್ಕಾರ! ಕಾವು ಕುಂತೈತಿ. ಶ್ರಾವಣದಾಗ ಮರಿ ಆಗ್ತಾವ, ಪಂಚಮಿ ಮುಗಿದ ಮ್ಯಾಲ. ಆದ್ರ ಒಳಗ ನೀರು ಹೋಗಬಾರದು, ಹಾಲೂ ಹೋಗಬಾರದು. ತತ್ತಿ ಕೊಳತು ಹೋಗ್ತಾವ. ಮತ್ತ ಮಂದಿ ಗುಂಪು ಕೂಡಿದ್ರ ತಾಯಿ ಯಾರನ್ನರ ಕಚ್ಚೀತು.”

ಪಂಚಮಿ ಎಂಬ ಮಾತು ಕೇಳಿದ್ದೇ ನಜ್ಮಾಳ ಎದೆ ಧಸಕ್ಕೆಂದಿತು. ಏಕೆಂದರೆ ನೀಲಗಂಗವ್ವನ ಹರಕೆಯ ಸಂಗತಿ ಅವಳಿಗೆ ಗೊತ್ತಿತ್ತು. ಮುದುಕಿಯ ಒಬ್ಬಳೇ ಮಗಳು ಶ್ವೇತಾಳನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಈ ಪಂಚಮಿಗೆ ತವರಿಗೆ ಬಂದಾಗ ಹೊಲದ ಹುತ್ತಕ್ಕೆ ಮಗಳ ಕೈಯಿಂದ ಒಂದು ತುಂಬಿದ ಕೊಡ ಹಾಲೆರೆಸುತ್ತೇನೆ ಎಂದು ತಾಯಿ ಬೇಡಿಕೊಂಡಿದ್ದಳು. ಅವರ ಹಿಂದೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ತಂಬಿಗೆ ಹಿಡಿದು ಬರುವವರೇ. ಅಷ್ಟೂ ಹಾಲು ಕುಸಿದ ಬಾಯಿಯಿಂದ ನೇರ ತತ್ತಿಗಳ ಮೇಲೆ ಹೋಗುತ್ತಿತ್ತು.

ನಜ್ಮಾ ಹೇಳಿ ನೋಡಿದಳು. ಹೇಳುವಾಗ ಮಾಡಿದ ತಪ್ಪೆಂದರೆ, ಸ್ನೇಹಾಳಿಂದ ಕೇಳಿದ್ದನ್ನು ಹಾಗೆಯೇ ಒಪ್ಪಿಸಿದ್ದು. “ಯವ್ವಾ, ಹಾವು ಹಾಲು ಕುಡಿಯಂಗಿಲ್ಲಂತ.”

ನೀಲಗಂಗವ್ವನ ಮುಖ ಬಿಗಿಯಿತು. “ಕುಡೀಲಿ ಬಿಡ್ಲಿ, ನಾವು ಎರಿತೇವಿ. ನಮ್ಮತ್ತಿ ಎರದಾಳ, ಅವರತ್ತಿ ಎರದಾಳ. ಅವರೆಲ್ಲ ಹುಚ್ಚರೇನು?”

“ಒಳಗ ತತ್ತಿ ಅವು. ಕೊಳತು ಹೋಗ್ತಾವ.”

“ಯಾರು ನೋಡ್ಯಾರ? ನಾ ಅರವತ್ತು ವರ್ಷದಾಗ ನೋಡಿಲ್ಲ. ಮೊನ್ನಿ ತನಕ ರಸ್ತೇದ ಮ್ಯಾಲಿಂದ ಕೆಳಗಿಳೀಲಾರದಾಕಿ ನೀ ನೋಡಿದೆ?” ಎಂದು ಮುದುಕಿ ಕುಪ್ಪಸದ ತೋಳು ಸರಿಪಡಿಸಿಕೊಂಡಳು. “ನೋಡ ತಂಗೀ, ನಿನ್ನ ಫೋಟೊ ನೀ ತಗಿ. ನಮ್ಮ ದೇವರನ್ನ ನಮಗ ಬಿಡು.”

ಅಷ್ಟು ದಿನ ರೊಟ್ಟಿ ಹಾಕಿದ ಕೈ ಅದು. ಆ ಕೈಯವಳ ಬಾಯಿಂದಲೇ ‘ನಮ್ಮ ದೇವರು’ ಎಂಬ ಮಾತು ಬಂದದ್ದು ನಜ್ಮಾಳಿಗೆ ಹಾವು ಕಡಿದದ್ದಕ್ಕಿಂತ ಹೆಚ್ಚು ಉರಿಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅತ್ತು ಮುಗಿಸಿದ ಮೇಲೆ ಮುದುಕಿಯ ಮಾತಿನಲ್ಲಿ ಒಂದು ಸಂದು ಕಂಡಿತು. ಯಾರು ನೋಡ್ಯಾರ ಎಂದಿದ್ದಳಲ್ಲ? ತೋರಿಸಿದರೆ? ತೋರಿಸಬೇಕೆಂದರೆ ಒಳಗಿನ ಫೋಟೊ ಬೇಕು. ಜಾಲಿಮರದಿಂದ ಹೊಡೆದದ್ದರಲ್ಲಿ ಬರೀ ಕತ್ತಲು ಬಂದಿತ್ತು. ಹುತ್ತದ ಬಾಯಿಗೇ ಕ್ಯಾಮೆರಾ ಹಿಡಿಯದೆ ಬೇರೆ ದಾರಿ ಇರಲಿಲ್ಲ.

ಸ್ನೇಹಾ ಕೇಳಿ ಗಾಬರಿಯಾದಳು. “ಸಮೀಪ ಹೋಗಬ್ಯಾಡ್ರಿ ಅಕ್ಕಾರ, ಕಾವಿಗೆ ಕುಂತದ್ದು ಸುಮ್ಮನ ಬಿಡಂಗಿಲ್ಲ.”

“ನಾ ಹೋಗಂಗಿಲ್ರಿ, ಕ್ಯಾಮೆರಾ ಹೋಗ್ತತಿ,” ಎಂದಳು ನಜ್ಮಾ. ಮದುವೆ ಮನೆಯಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡುವುದು, ಕೊಡೆಯ ಬದಲು ಉದ್ದನೆಯ ಗಳ, ಅಷ್ಟೇ ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟು ಸಲವೂ ಕಾಲು ತಾವೇ ಕುರ್ಚಿಯ ಮೇಲೆ ಏರುತ್ತಿದ್ದವು.

ಹಬ್ಬ ಇನ್ನು ನಾಲ್ಕು ದಿನವಿರುವಾಗ, ಬೆಳಗಿನ ಬಸ್ಸಿಗೆ ಯಾರಿಗೂ ಹೇಳದೆ ಹೋದಳು. ನೀಲಗಂಗವ್ವ ಮಗಳನ್ನು ಕರೆತರಲು ಬ್ಯಾಡಗಿಗೆ ಹೋಗಿದ್ದಳು. ಹೊಲದ ಗುಡಿಸಲ ಮಗ್ಗುಲಿಗೆ ಹುಣಸೆಕಾಯಿ ಬಡಿಯುವ ಗಳ ಒರಗಿಸಿಟ್ಟಿತ್ತು. ಅದರ ತುದಿಗೆ ಗಂಡನ ಹೊಸ ಕ್ಯಾಮೆರಾವನ್ನು ಓಢಣಿಯಿಂದ ಬಿಗಿದು ಕಟ್ಟಿದಳು. ಗುಂಡಿ ಒತ್ತಿದಳು. ಕ್ಯಾಮೆರಾದ ಕೆಂಪು ದೀಪ ಮಿಣುಕತೊಡಗಿತು. ಗಳವನ್ನು ನೆಲದ ಮೇಲೆ ಜಾರಿಸುತ್ತ ಜಾರಿಸುತ್ತ ಹುತ್ತದ ಬಾಯಿಗೆ ಒಯ್ದಳು.

ಒಳಗಿಂದ ಬುಸ್ಸೆಂದಿತು.

ಆ ಸದ್ದನ್ನು ಕೇಳಿದವರಿಗೇ ಗೊತ್ತು. ಕಿವಿಗೆ ಕೇಳುವ ಮೊದಲೇ ಬೆನ್ನಿಗೆ ಕೇಳಿಸುವ ಸದ್ದು ಅದು. ಗಳ ಎಲ್ಲಿ ಬಿತ್ತು, ತಾನು ಯಾವ ಕಡೆ ಓಡಿದೆ ಎಂಬುದು ನಜ್ಮಾಳಿಗೆ ತಿಳಿಯಲಿಲ್ಲ. ಗೋವಿನಜೋಳವನ್ನು ತುಳಿದು, ಎರೆಮಣ್ಣಿನ ಕೆಸರಿನಲ್ಲಿ ಒಂದು ಗಮ್‌ಬೂಟು ಬಿಟ್ಟು, ಬುರ್ಖಾ ಎತ್ತಿ ಹಿಡಿದು ಓಡಿದವಳು ನಿಂತದ್ದು ಡಾಂಬರು ರಸ್ತೆಯ ಮೇಲೆ. ಅದೇ ಹೊತ್ತಿಗೆ ಊರೊಳಗಿನಿಂದ ರಾಣೆಬೆನ್ನೂರಿನ ಬಸ್ಸು ಬಂತು. ಕೈ ತಾನಾಗಿಯೇ ಮೇಲೆದ್ದಿತು. ಬಸ್ಸು ನಿಂತಿತು.

“ಹತ್ರೀ, ಲಗೂ ಹತ್ರೀ,” ಎಂದ ಕಂಡಕ್ಟರ.

ನಜ್ಮಾ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಳು. ಬೂಟು ಇಲ್ಲದ, ಕೆಸರು ಮೆತ್ತಿದ ಬರಿಗಾಲು. ಹತ್ತಿಕೊಂಡರೆ ಮುಗಿಯಿತು, ಯಾರೂ ಏನೂ ಕೇಳುವುದಿಲ್ಲ. ಕ್ಯಾಮೆರಾವನ್ನು ಮುಸ್ತಾಕ ಬಂದು ಒಯ್ಯುತ್ತಾನೆ, ಒಂದೆರಡು ದಿನ ನಗುತ್ತಾನೆ, ಆಮೇಲೆ ಮರೆಯುತ್ತಾನೆ. ನಾಲ್ಕು ದಿನದ ನಂತರ ಶ್ವೇತಾ ಕೊಡ ಬಗ್ಗಿಸುತ್ತಾಳೆ. ಮರಿಗಳು ತತ್ತಿಯಲ್ಲೇ ಕೊಳೆಯುತ್ತವೆ. ಮಕ್ಕಳನ್ನು ಬೇಡಲು ಬಂದ ಆ ಹುಡುಗಿಗೆ ತಾನು ಮಾಡಿದ್ದೇನೆಂದು ಎಂದಿಗೂ ತಿಳಿಯುವುದಿಲ್ಲ. ತನಗೆ ಮಾತ್ರ ತಿಳಿದಿರುತ್ತದೆ.

“ಏನ್ರಿ ಅಕ್ಕಾರ, ಬರ್ತೀರೋ ಇಲ್ಲೋ?”

“ಹೋಗ್ರಿ ನೀವು,” ಎಂದು ಕಾಲು ಕೆಳಗಿಳಿಸಿದಳು ನಜ್ಮಾ. “ನಂದಿನ್ನೂ ಕೆಲಸ ಐತಿ.”

ಹೋಗುವಾಗಿನ ದಾರಿ ಬರುವಾಗಿನದಕ್ಕಿಂತ ಬಹಳ ಉದ್ದವಾಗಿತ್ತು. ಕೆಸರಿನಿಂದ ಬೂಟು ಕಿತ್ತು ಹಾಕಿಕೊಂಡಳು. ಹಾವು ಒಳಗೇ ಇದೆ, ಹೊರಗೆ ಬಂದಿಲ್ಲ ಎಂಬುದನ್ನು ಜಾಲಿಮರದ ಹಿಂದೆ ನಿಂತು ಖಾತ್ರಿ ಮಾಡಿಕೊಂಡಳು. ಗಳದ ಈ ಕಡೆಯ ತುದಿ ಹುತ್ತದಿಂದ ಸಾಕಷ್ಟು ದೂರವೇ ಬಿದ್ದಿತ್ತು. ಬಿಸ್ಮಿಲ್ಲಾ ಎಂದು ಅದನ್ನು ಹಿಡಿದು ಎಳೆದಳು, ಕ್ಯಾಮೆರಾ ಒರೆಸಿದಳು, ಮತ್ತೆ ಗುಂಡಿ ಒತ್ತಿ ಮತ್ತೆ ಗಳ ಚಾಚಿದಳು. ಈ ಸಲವೂ ಬುಸ್ಸೆಂದಿತು. ಬಾಯಲ್ಲಿ ತಾಯಿ ಕಲಿಸಿದ ದುವಾ ಅರ್ಧಕ್ಕೇ ಮರೆತುಹೋಯಿತು. ಹಿಡಿದ ಗಳವನ್ನು ಮಾತ್ರ ಆಕೆ ಬಿಡಲಿಲ್ಲ. ಒಳಗೆ ಬೆಳಕು ಝಗ್ಗೆಂದಿತು. ಹಾವು ಹೆಡೆಯಿಂದ ಕ್ಯಾಮೆರಾಕ್ಕೆ ಒಂದು ಏಟು ಹಾಕಿದ್ದು ಗಳದ ಮೂಲಕ ಅಂಗೈಗೆ ತಟ್ಟಿತು. ಆಕೆ ನಿಧಾನವಾಗಿ, ಮದುಮಗಳ ಸೆರಗು ಸರಿಸಿದಷ್ಟೇ ಮೆಲ್ಲಗೆ, ಗಳವನ್ನು ಹಿಂದಕ್ಕೆ ಎಳೆದುಕೊಂಡಳು.

ಜಾಲಿಮರದ ಕೆಳಗೆ ಕೂತು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದಳು. ಬಂದಿತ್ತು. ಎತ್ತಿದ ಹೆಡೆ, ಅದರ ಕೆಳಗೆ ಸುರುಳಿ, ಸುರುಳಿಯ ನಡುವೆ ಒಂದಕ್ಕೊಂದು ಅಂಟಿಕೊಂಡ ಬೆಳ್ಳನೆಯ ತತ್ತಿಗಳು. ತನ್ನ ಜೀವಮಾನದಲ್ಲಿ ಇಷ್ಟು ಒಳ್ಳೆಯ ಫೋಟೊ ತೆಗೆದಿರಲಿಲ್ಲ ಎಂದು ನಜ್ಮಾಳಿಗೆ ಆ ಕ್ಷಣವೇ ಗೊತ್ತಾಯಿತು. ಹೊಲದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಆಕೆ ಗಟ್ಟಿಯಾಗಿ, “ಶಾಬಾಸ್ ನಜ್ಮಾ!” ಎಂದಳು.

ಮುಸ್ತಾಕ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿದ. ಕ್ಯಾಮೆರಾದ ಮುಂಭಾಗಕ್ಕೆ ಬಿದ್ದ ಗೀರನ್ನು ಅಂಗಿಯ ತುದಿಯಿಂದ ಒಮ್ಮೆ ಉಜ್ಜಿ ನೋಡಿ ಬಿಟ್ಟ. ಗಿರಾಕಿಗಳಿಗೆಂದು ತಂದಿದ್ದ ಚಿನ್ನದ ಬಣ್ಣದ ಫ್ರೇಮುಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಹುಡುಕಿ ತಾನೇ ಕಟ್ಟು ಹಾಕಿಕೊಟ್ಟ.

ರೊಟ್ಟಿ ಹಬ್ಬದ ದಿನ, ಅಂದರೆ ಹಾಲೆರೆಯುವ ಹಿಂದಿನ ದಿನ, ನಜ್ಮಾ ಆ ಫೋಟೊವನ್ನು ಎದೆಗವಚಿಕೊಂಡು ನೀಲಗಂಗವ್ವನ ಮನೆಗೆ ಹೋದಳು. ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ, ಉಂಡಿಗೆ ಹುರಿದ ಶೇಂಗಾದ ವಾಸನೆ ತುಂಬಿತ್ತು. ನೀಲಗಂಗವ್ವ ‘ಬಾ’ ಎಂದಳು, ‘ಕುಂದ್ರು’ ಎನ್ನಲಿಲ್ಲ. ನಜ್ಮಾ ಈ ಸಲ ಶಾಸ್ತ್ರ ಹೇಳಲು ಹೋಗಲಿಲ್ಲ. ಸುತ್ತಿದ ಕಾಗದ ಬಿಚ್ಚಿ ಫೋಟೊವನ್ನು ಮುಂದೆ ಹಿಡಿದಳು.

“ನಿಮ್ಮ ಹೊಲದ್ದು ಯವ್ವಾ. ನೀವು ಯಾರು ನೋಡ್ಯಾರ ಅಂದ್ರೆಲ್ಲ, ಅದಕ್ಕ ತಂದೆ.”

ನೀಲಗಂಗವ್ವನ ಕೈ ತಾನಾಗಿಯೇ ಮುಗಿಯಿತು. ದೇವರಲ್ಲವೇ? ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು, ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಶ್ವೇತಾ ತಾಯಿಯ ಭುಜದ ಮೇಲಿಂದ ಬಗ್ಗಿದಳು.

“ಇವು ತತ್ತಿ ಅಲ್ಲೇನಕ್ಕ?”

“ಹೌದವ್ವ.”

“ಇಕಿ ಹೊರಗ ಬರೋದೇ ಇಲ್ಲೇನು?”

“ಹುತ್ತ ಕುಸಿದಾಗಿಂದ ನಾ ಬಂದಾಗೆಲ್ಲ ಒಳಗೇ ಅದಾಳ. ಹೊಟ್ಟಿಗೆ ಏನು ತಿಂತಾಳೋ ದೇವರಿಗೇ ಗೊತ್ತು. ಕ್ಯಾಮೆರಾ ಸಮೀಪ ಹೋಗಿದ್ದಕ್ಕ ಬಡದಾಳ ನೋಡು, ಮಕ್ಕಳನ್ನ ಮುಟ್ಟಬ್ಯಾಡ ಅಂತ.”

ಶ್ವೇತಾ ಫೋಟೊವನ್ನು ತಾಯಿಯ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಕೂತಳು. ಬೆರಳಿನಿಂದ ಗಾಜಿನ ಮೇಲೆ ಒಂದೊಂದೇ ತತ್ತಿ ಮುಟ್ಟಿದಳು. ಬ್ಯಾಡಗಿಯ ಮನೆಯಲ್ಲಿ ಯಾರು ಏನೆಂದರೂ ಅಳದ ಹುಡುಗಿ ಎಂದು ನೀಲಗಂಗವ್ವ ಮಗಳ ಬಗ್ಗೆ ಹೇಳುತ್ತಿದ್ದಳು. ಆ ಹುಡುಗಿಯ ಕಣ್ಣಿಂದ ಗಾಜಿನ ಮೇಲೆ ಪಟ್ಟನೆ ಒಂದು ಹನಿ ಬಿತ್ತು.

“ಅವ್ವಾ, ಇಕಿ ಮಕ್ಕಳ ಮ್ಯಾಲ ಕೊಡ ಸುರುವಿ, ನನಗೊಂದು ಕೂಸು ಕೊಡು ಅಂತ ಇಕೀನ್ನೇ ಹೆಂಗ ಕೇಳಲಿ?”

ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು, ಅದನ್ನು ತೆಗೆಯಲೂ ಯಾರೂ ಏಳಲಿಲ್ಲ. ಕೊನೆಗೆ ನೀಲಗಂಗವ್ವ ಸೆರಗಿನಿಂದ ಗಾಜು ಒರೆಸಿದಳು, ಫೋಟೊವನ್ನು ಒಯ್ದು ದೇವರ ಜಗಲಿಯ ಮೇಲೆ ಇಟ್ಟಳು, ಕುಂಕುಮ ಹಚ್ಚಿದಳು.

“ಹಡದಾಕಿ ಅದಾಳ,” ಎಂದಳು ತನ್ನಷ್ಟಕ್ಕೆ. “ಬಾಣಂತಿ. ಬಾಣಂತಿ ಇದ್ದ ಕ್ವಾಣ್ಯಾಗ ಗಾಳಿ ಬಿಡಂಗಿಲ್ಲ ನಾವು, ತಣ್ಣೀರು ಮುಟ್ಟಸಂಗಿಲ್ಲ. ತಣ್ಣಗಿನ ಹಾಲು ಸುರೂತೇನಿ ಅಂತ ಹೊಂಟಿದ್ನೆಲ್ಲ, ನನ್ನ ಬುದ್ಧಿಗೇನು ಮಂಕು ಬಡದಿತ್ತು!” ಆಮೇಲೆ ನಜ್ಮಾಳ ಕಡೆ ತಿರುಗಿ ಗದರಿಸಿದಳು. “ಮೊದಲೇ ಬಾಣಂತಿ ಅದಾಳ ಅಂತ ಹೇಳಬಾರದಾ? ಹಾಲು ಕುಡಿಯಂಗಿಲ್ಲ, ಅದು ಇಲ್ಲ, ಇದು ಇಲ್ಲ ಅಂತ ಏನೇನೋ ಹೇಳಿದಿ. ನಿಂತಿ ಯಾಕ, ಕುಂದ್ರು. ರೊಟ್ಟಿ ತಿನ್ನು.”

ನಜ್ಮಾ ಕೂತಳು. ಮೂರನೆಯ ರೊಟ್ಟಿಯನ್ನು ತಾನೇ ಕೇಳಿ ಹಾಕಿಸಿಕೊಂಡಳು.

ತತ್ತಿಗಳು ಏನಾದವು ಎಂದು ಜೀವ ಹಿಡಿದುಕೊಂಡು ಕೂತವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಶ್ರಾವಣ ಮುಗಿಯುವ ಮೊದಲು ಮರಿಗಳು ಹೊರಬಂದವು. ಕಿರುಬೆರಳಷ್ಟು ದಪ್ಪದ ಮೈ, ಹುಟ್ಟಿದ ದಿನವೇ ಹೆಡೆ ಎತ್ತುವ ಸೊಕ್ಕು. ಅವು ಗೋವಿನಜೋಳದೊಳಗೆ ಚದುರಿ ಹೋಗುವುದನ್ನು ನಜ್ಮಾ ಜಾಲಿಮರದ ಹಿಂದಿನಿಂದ, ಕಣ್ಣು ತೆರೆದುಕೊಂಡೇ, ಫೋಟೊ ತೆಗೆದಳು. ಸ್ನೇಹಾ ಅವನ್ನು ಹಾವೇರಿಯ ಕಾಲೇಜಿನ ಗೋಡೆಗೆ ಹಾಕಿಸಿದಳು, ಕೆಳಗೆ ನಜ್ಮಾಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದಳು. ಮುಸ್ತಾಕ ಅದನ್ನು ನೋಡಲೆಂದೇ ಮೂರು ಸಲ ಹಾವೇರಿಗೆ ಹೋಗಿಬಂದ, ಪ್ರತಿ ಸಲವೂ ಒಬ್ಬ ಹೊಸ ಗೆಳೆಯನನ್ನು ಕರೆದುಕೊಂಡು. ಆದರೆ ನಜ್ಮಾಳಿಗೆ ಅವೆಲ್ಲಕ್ಕಿಂತ ದೊಡ್ಡದಾಗಿ ಉಳಿದದ್ದು ಹಾಲೆರೆಯುವ ದಿನದ ಬೆಳಗು.

ಆ ಬೆಳಗ್ಗೆ ನೀಲಗಂಗವ್ವ ಹೊಲದ ದಾರಿಗೆ ಅಡ್ಡ ನಿಂತು, ‘ಒಳಗ ಬಾಣಂತಿ ಅದಾಳ, ಸಪ್ಪಳ ಮಾಡಬ್ಯಾಡ್ರಿ, ಎಲ್ಲಾರೂ ಬೇವಿನಮರದ ಕಟ್ಟಿ ಕಡೆ ನಡೀರಿ’ ಎಂದು ತಂಬಿಗೆ ಹಿಡಿದು ಬಂದವರನ್ನೆಲ್ಲ ತಿರುಗಿಸಿದಳು. ಬಾಣಂತಿ ಎಂದ ಮೇಲೆ ಮೇಡ್ಲೇರಿಯ ಯಾವ ಹೆಂಗಸೂ ಎದುರು ಮಾತಾಡಲಿಲ್ಲ. ಊರ ಅಂಚಿನ ಬೇವಿನ ಮರದ ಕಟ್ಟೆಯ ಮೇಲೆ ಕಲ್ಲಿನ ನಾಗಪ್ಪಗಳಿದ್ದವು. ಹೆಂಗಸರು ಸರದಿಯಂತೆ ಹತ್ತಿ, ಮನೆಯವರೆಲ್ಲರ ಹೆಸರಿನಲ್ಲಿ ಒಂದೊಂದು ಸಲ ಹಾಲೆರೆಯತೊಡಗಿದರು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಗಂಡನ ಪಾಲು, ಮಗನ ಪಾಲು, ಮಗಳ ಪಾಲು. ನಜ್ಮಾ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸ್ವಲ್ಪ ದೂರದಲ್ಲಿ, ಪಕ್ಕದ ಮನೆಯ ಗೋಡೆಯ ಹತ್ತಿರ ನಿಂತಿದ್ದಳು.

ಶ್ವೇತಾಳ ಸರದಿ ಬಂತು. ಕೊಡ ಬಗ್ಗಿಸಿ ದೇವರ ಪಾಲು ಎರೆದಳು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಗಂಡನ ಪಾಲು ಎರೆದಳು. ಮುಂದೆ ಎರೆಯಲು ಅವಳಿಗೆ ಹೆಸರು ಇರಲಿಲ್ಲ. ಪ್ರತಿ ವರ್ಷ ಇಲ್ಲಿಗೆ ಬಂದಾಗ ತಲೆ ತಗ್ಗಿಸಿ ಕೆಳಗಿಳಿಯುತ್ತಿದ್ದಳಂತೆ. ಹೆಂಗಸರು ಈ ಕಡೆ ಆ ಕಡೆ ನೋಡತೊಡಗಿದರು. ಶ್ವೇತಾ ಇಳಿಯಲಿಲ್ಲ. ಕೊಡವನ್ನು ಮತ್ತೆ ಬಗ್ಗಿಸಿದಳು.

“ನಮ್ಮ ಹೊಲದಾಗಿನ ಬಾಣಂತಿ ಪಾಲು,” ಎಂದಳು. “ಆಕಿ ಮಕ್ಕಳ ಪಾಲು.” ಉಳಿದ ಹಾಲನ್ನೆಲ್ಲ ಒಮ್ಮೆಲೇ ಸುರಿದು, ಇಡೀ ಕಟ್ಟೆಗೆ ಕೇಳಿಸುವ ಹಾಗೆ ಹೇಳಿದಳು. “ನಜ್ಮಕ್ಕನ ಪಾಲು.”

“ಯಾವಾಕಿ ನಜ್ಮಾ?” ಎಂದು ಹಿಂದಿದ್ದ ಯಾರೋ ಕೇಳಿದರು.

“ಅಲ್ಲಿ ನಿಂತಾಳ ನೋಡ್ರಿ,” ಎಂದು ನೀಲಗಂಗವ್ವ ಕೈ ಚಾಚಿ ತೋರಿಸಿದಳು. ಹೆತ್ತ ಮಗಳನ್ನು ತೋರಿಸಿದಷ್ಟೇ ಸೊಕ್ಕು ಆ ಕೈಯಲ್ಲಿತ್ತು. “ನಾಗಪ್ಪ ಮಾರಿ ಮುಂದ ಬಂದು ಬುಸ್ ಅಂದ್ರೂ ಒಂದು ಹೆಜ್ಜಿ ಹಿಂದ ಸರೀಲಿಲ್ಲ ನಮ್ಮಾಕಿ!”

ಎಲ್ಲರೂ ತಿರುಗಿ ನೋಡಿದರು. ನಜ್ಮಾಳಿಗೆ ಕಣ್ಣು ಮಂಜಾಗಿ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. ಸುಮ್ಮನಿದ್ದಿದ್ದರೆ ಆ ಹೊಗಳಿಕೆ ಹಾಗೆಯೇ ಅವಳದಾಗುತ್ತಿತ್ತು. ಆದರೆ ತನ್ನ ಹೆಮ್ಮೆ ಅದಲ್ಲ, ಬೇರೆಯದು, ಅದಕ್ಕಿಂತ ದೊಡ್ಡದು ಎಂದು ಅವಳಿಗೆ ಗೊತ್ತಿತ್ತು. ಆಕೆ ತಲೆ ಎತ್ತಿ ನೆಟ್ಟಗೆ ನಿಂತಳು.

“ಹಿಂದ ಸರದಿದ್ದೆ ಯವ್ವಾ,” ಎಂದಳು. “ರಸ್ತೆ ತನಕ ಓಡಿದ್ದೆ, ಬಸ್ಸಿನ್ಯಾಗ ಕಾಲೂ ಇಟ್ಟಿದ್ದೆ. ಆಮ್ಯಾಲ ಇಳಿದು ತಿರುಗಿ ಬಂದೆ.”